ಮೆಟ್ಟಿಲು ಗದ್ದೆ ಚಾರಣ: ಶಾಲಾ ತಂಡಕ್ಕೆ ಹೇಗಿದೆ?

ಮೂಡಿಗೆರೆ ಕಡೆಯ ಹೋಂಸ್ಟೇ ಒಂದು ಶಾಲಾ ಮಕ್ಕಳಿಗೆಂದು ನಡೆಸುವ ಅರ್ಧ ದಿನದ ಚಾರಣವಿದು. ಕಾಫಿ ತೋಟದಿಂದ ಇಳಿದು, ಮೆಟ್ಟಿಲು ಗದ್ದೆಗಳ ಬದುವಿನ ಮೇಲೆ ನಡೆದು, ಹಳ್ಳ ದಾಟಿ ವಾಪಸ್. ದಾರಿಯ ಆಯ್ಕೆಗೆ ಪೂರ್ತಿ ಅಂಕ. ಮೇಲಿನ ಗದ್ದೆಯ ನೀರು ಬದುವಿನ ಕಂಡಿಯಿಂದ ಕೆಳಗಿನ ಗದ್ದೆಗೆ ಇಳಿಯುವುದನ್ನು ಗೈಡ್ ನಿಂತು ವಿವರಿಸುತ್ತಾರೆ.

ತಕರಾರು ಇರುವುದು ಜುಲೈ-ಆಗಸ್ಟ್‌ನ ನಾಟಿ ಕಾಲದ ಬಗ್ಗೆ. ಆಗಲೂ 40 ಮಕ್ಕಳನ್ನು ಒಟ್ಟಿಗೇ ಬದುವಿಗೆ ಹತ್ತಿಸುತ್ತಾರೆ. ಆಗಷ್ಟೇ ಕೆಸರು ಮೆತ್ತಿದ ಬದು ಇನ್ನೂ ಹಸಿ. ಅಂಚು ಕುಸಿದರೆ ಮೇಲಿನ ಗದ್ದೆ ಬರಿದಾಗುತ್ತದೆ, ಕೆಳಗೆ ಬೇರು ಹಿಡಿಯದ ಸಸಿ ಕಿತ್ತುಹೋಗುತ್ತದೆ. ಬೈಗುಳ ಮಾತ್ರ ಮೇಷ್ಟ್ರಿಗೆ! ಹತ್ತತ್ತು ಮಕ್ಕಳ ಗುಂಪು, ಸಾಲು ನಡಿಗೆ, ಗುಂಪಿಗೊಬ್ಬ ಗೈಡ್ ಎಂದು ಬುಕಿಂಗ್ ವೇಳೆಯೇ ಮಾತಾಡಿಕೊಳ್ಳಿ. ನವೆಂಬರ್ ಕಳೆದ ಮೇಲಾದರೆ ಪೈರು ಹಣ್ಣಾಗಿರುತ್ತದೆ, ನೆಲ ಗಟ್ಟಿ, ಇಂಬಳವೂ (ರಕ್ತ ಹೀರುವ ಜಿಗಣೆ) ಕಡಿಮೆ.

ಮಳೆಗಾಲದಲ್ಲಿ ಅವರು ಕೊಡುವ ಉಪ್ಪಿನ ಪೊಟ್ಟಣ ಒದ್ದೆಯಾಗಿ ಕೈಯಲ್ಲೇ ಕರಗುತ್ತದೆ. ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿದರೆ ಇಂಬಳಕ್ಕೆ ತಾಗಿಸುವುದು ಸುಲಭ. ಪ್ಯಾಂಟಿನ ತುದಿ ಉದ್ದ ಸಾಕ್ಸ್‌ನೊಳಗಿರಲಿ.

ಕಡುಬು-ಚಟ್ನಿ ಚೆನ್ನಾಗಿದೆ. ದೊಡ್ಡ ಬಸ್ಸು ತೋಟದ ರಸ್ತೆಯಲ್ಲಿ ತಿರುಗದು. ಜೀಪಿನ ಬಾಡಿಗೆ ಪ್ಯಾಕೇಜಿನಲ್ಲಿ ಸೇರಿಲ್ಲ, ಮೊದಲೇ ಕೇಳಿ.