ಒಂಟಿ ಸಾಕ್ಸು, ಚೂರು ಬಟ್ಟೆ: ಶಿರಸಿಯ ಗೊಂಬೆ ಕ್ಲಾಸ್ ಹೇಗಿದೆ?

ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕಳಿಸೋಣ ಅಂತ ಹುಡುಕುತ್ತಿರುವ ಶಿರಸಿ ಸುತ್ತಮುತ್ತಲಿನ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬನವಾಸಿ ರಸ್ತೆ ಕಡೆ ಟೈಲರಿಂಗ್ ಮಾಡುವ ಅಕ್ಕ ಒಬ್ಬರು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಸಾಕ್ಸ್ ಗೊಂಬೆ, ಅಂದರೆ ಕೈಗೆ ತೊಟ್ಟು ಆಡಿಸುವ ಗೊಂಬೆ, ಮಾಡುವುದನ್ನು ಹೇಳಿಕೊಡುತ್ತಾರೆ. ಎರಡು ತಾಸು, ಒಬ್ಬರಿಗೆ 150 ರೂಪಾಯಿ. ನನ್ನ ಮಗಳು, ಅಣ್ಣನ ಮಗ ಇಬ್ಬರೂ ಹೋಗಿದ್ದರು. ನಾನೂ ಮೂಲೆಯಲ್ಲಿ ಕೂತು ಪೂರ್ತಿ ನೋಡಿದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಇಲ್ಲಿ ಹೊಸದಾಗಿ ಏನನ್ನೂ ತರಿಸುವುದಿಲ್ಲ, ಅದೇ ನನಗೆ ತುಂಬಾ ಹಿಡಿಸಿತು. ಮನೆಯಿಂದ ಹಳೇ ಸಾಕ್ಸ್ ತಂದರೆ ಆಯಿತು. ನಮ್ಮ ಮಳೆಗಾಲದಲ್ಲಿ ಶಾಲೆಯ ಸಾಕ್ಸ್ ಒಣಗುವುದೇ ಇಲ್ಲ ಅಂತ ಎಲ್ಲರೂ ಜಾಸ್ತಿ ಜೊತೆ ತೆಗೆದಿಟ್ಟಿರುತ್ತೇವೆ, ಆಮೇಲೆ ಇಲಾಸ್ಟಿಕ್ ಸಡಿಲಾದದ್ದು, ಜೋಡಿ ಕಳೆದದ್ದು ಕಪಾಟಿನಲ್ಲಿ ಹಾಗೇ ಬಿದ್ದಿರುತ್ತವೆ ಅಲ್ವಾ? ಉಳಿದದ್ದೆಲ್ಲ ಅಕ್ಕನ ಬುಟ್ಟಿಯಲ್ಲೇ ಇದೆ. ಬ್ಲೌಸ್ ಪೀಸಿನ ಚೂರು, ಜರಿ ಅಂಚು, ಲೇಸ್, ಒಂಟಿ ಗುಂಡಿ, ಉಲ್ಲನ್ ದಾರ. ಮಕ್ಕಳು ಬುಟ್ಟಿಗೆ ಕೈ ಹಾಕಿ ಬಣ್ಣ ಆರಿಸುವುದರಲ್ಲೇ ಅರ್ಧ ಖುಷಿ.

ಹೇಳಿಕೊಡುವ ರೀತಿಯೂ ಚೆನ್ನಾಗಿದೆ. ಮೊದಲು ಸಾಕ್ಸಿನೊಳಗೆ ಕೈ ಹಾಕಿಸುತ್ತಾರೆ. ಹಿಮ್ಮಡಿಯ ಭಾಗ ಮುಷ್ಟಿಯ ಗೆಣ್ಣಿನ ಮೇಲೆ ಬರಬೇಕು, ಆಗ ತಲೆ ತಾನಾಗೇ ಉಬ್ಬಿ ನಿಲ್ಲುತ್ತದೆ. ಬೆರಳ ತುದಿಯ ಕಡೆ ಬಟ್ಟೆಯನ್ನು ಹೆಬ್ಬೆರಳಿನ ಸಂದಿಗೆ ಒತ್ತಿದರೆ ಬಾಯಿ. ಬಾಯಿ ಗಟ್ಟಿಯಾಗಿರಲು ಒಳಗೊಂದು ಮೊಟ್ಟೆಯಾಕಾರದ ತುಂಡನ್ನು ನಡುವೆ ಮಡಚಿ ಅಂಟಿಸಬೇಕು. ಎಲ್ಲ ಕಡೆ ಇದಕ್ಕೆ ರಟ್ಟು ಹಾಕುತ್ತಾರೆ, ಈ ಅಕ್ಕ ಅಡಿಕೆ ಹಾಳೆ ಹಾಕಿಸುತ್ತಾರೆ! ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿಟ್ಟ ಹಾಳೆ, ಕತ್ತರಿಗೂ ಸುಲಭ, ಮಡಚಿದರೂ ಸೀಳುವುದಿಲ್ಲ. ಅದನ್ನು ಮಡಚಿ ಒಣಗಿಸಿಯೇ ಅಂಟಿಸುತ್ತಾರೆ. ಮಕ್ಕಳ ಕೈ ಬೆವರಿದರೆ ರಟ್ಟು ಮೆತ್ತಗಾಗುತ್ತದೆ, ಹಾಳೆ ಹಾಗಾಗುವುದಿಲ್ಲ.

ಇನ್ನೊಂದು ಕೆಲಸದ ಮಾತು. ಅಂಟು ಹಚ್ಚುವಾಗ ಸಾಕ್ಸನ್ನು ಬಾಟಲಿಗೆ ತೊಡಿಸುತ್ತಾರೆ. ಇಲ್ಲದಿದ್ದರೆ ಅಂಟು ಒಳಗಿಳಿದು ಸಾಕ್ಸಿನ ಎರಡೂ ಪದರ ಅಂಟಿಕೊಂಡು ಕೈಯೇ ಹೋಗುವುದಿಲ್ಲ. ಸಾಕ್ಸ್ ಎಳೆದಾಗ ಹಿಗ್ಗುವ ಬಟ್ಟೆಯಾದ್ದರಿಂದ ಬರೀ ಅಂಟಿಸಿದ ಕಣ್ಣು ಬೇಗ ಕಿತ್ತು ಬರುತ್ತದೆ. ಹಾಗಾಗಿ ಕಣ್ಣಿನ ಗುಂಡಿಯನ್ನು ಸೂಜಿ ದಾರದಿಂದಲೇ ಹೊಲಿಸುತ್ತಾರೆ. ಅಣ್ಣನ ಮಗ ಜೋರಾಗಿ ದಾರ ಎಳೆಯುತ್ತಿದ್ದ. "ಮಾಣಿ, ಗಡಿಬಿಡಿ ಬ್ಯಾಡ, ದಾರ ಸಿಕ್ಕಾಗ್ತು" ಅಂತ ಹೇಳಿ ಅಕ್ಕ ಪಕ್ಕದಲ್ಲಿ ಕೂತರು, ಆದರೆ ಸೂಜಿಯನ್ನು ತಾವು ತೆಗೆದುಕೊಳ್ಳಲಿಲ್ಲ. ಒಂದು ಕಣ್ಣು ಹಣೆಗೆ ಹತ್ತಿತು. ಅದನ್ನು ಯಾರೂ ತಿದ್ದಲಿಲ್ಲ. ಅವನು ಜರಿ ಅಂಚಿನಿಂದ ಕಿರೀಟ ಕಟ್ಟಿ, ಕರಿ ಉಲ್ಲನ್ ಮೀಸೆ ಇಟ್ಟು, ಯಕ್ಷಗಾನದ ರಾಕ್ಷಸನನ್ನಾಗಿ ಮಾಡಿದ. ಆ ಹಣೆಗಣ್ಣು ರಾಕ್ಷಸನಿಗೆ ಎಷ್ಟು ಒಪ್ಪಿತ್ತು ಅಂದರೆ ಉಳಿದ ಮಕ್ಕಳೂ ತಮ್ಮದಕ್ಕೆ ಹಾಗೇ ಬೇಕು ಅಂದರು. ಉಪ್ಪಿನಕುದ್ರುವಿನ ಗೊಂಬೆಯಾಟ ನೋಡಿ ಬಂದಿದ್ದ ಮಗಳಿಗೆ ಗೊಂಬೆ ಅಂದರೆ ದಾರ ಕಟ್ಟಿ ಆಡಿಸುವುದು. ಇಲ್ಲಿ ತನ್ನ ಕೈಯೇ ಗೊಂಬೆಯ ಬಾಯಿ ಆಡಿಸುತ್ತದೆ ಅಂತ ಗೊತ್ತಾದ ಮೇಲೆ ಮಾತು ನಿಲ್ಲಿಸಲೇ ಇಲ್ಲ.

ಹಿಂದೆ ಆನ್‌ಲೈನ್‌ನಲ್ಲಿ ಒಂದು ರೆಡಿ ಕಿಟ್ ತರಿಸಿದ್ದೆ. ಕತ್ತರಿಸಿಟ್ಟ ತುಂಡು, ಸ್ಟಿಕ್ಕರ್ ಕಣ್ಣು, ಎಲ್ಲರದ್ದೂ ಒಂದೇ ಸಿಂಹ. ಮಕ್ಕಳಿಗೆ ಮಾಡಲು ಏನೂ ಉಳಿದಿರಲಿಲ್ಲ, ಕಣ್ಣು ಮರುದಿನವೇ ಬಿತ್ತು. ಅದಕ್ಕಿಂತ ಇದು ನೂರು ಪಾಲು ವಾಸಿ.

ಕೊರತೆ ಇಲ್ಲ ಅಂತಲ್ಲ. ಕೋಣೆಯಲ್ಲಿ ಬೆಳಕು ಸಾಲದು, ಸೂಜಿ ಪೋಣಿಸಲು ಮಕ್ಕಳು ಬಾಗಿಲಿಗೆ ಓಡುತ್ತಿದ್ದರು. ಗ್ಲೂ ಗನ್ ಒಂದೇ ಇದೆ. ಅದನ್ನು ಅಕ್ಕ ಮಾತ್ರ ಮುಟ್ಟುವುದು ಸರಿಯೇ, ಬಿಸಿ ಅಂಟು ಚರ್ಮ ಸುಡುತ್ತದೆ, ತೆಳು ನೈಲಾನ್ ಸಾಕ್ಸನ್ನೂ ಕರಗಿಸಬಹುದು. ಆದರೆ ಅದಕ್ಕಾಗಿ ಮಕ್ಕಳು ತುಂಬಾ ಹೊತ್ತು ಕಾದರು. ಕೊನೆಗೆ ಗೊಂಬೆ ಆಡಿಸಲು ಸಮಯ ಸಿಗಲಿಲ್ಲ. ಇನ್ನರ್ಧ ತಾಸು ಜಾಸ್ತಿ ಮಾಡಿ, ಬೇಕಾದರೆ 50 ರೂಪಾಯಿ ಹೆಚ್ಚು ತಗೊಳ್ಳಿ ಅಂತ ಅಕ್ಕನಿಗೇ ಹೇಳಿ ಬಂದಿದ್ದೇನೆ.

ಆರು ವರ್ಷ ದಾಟಿದವರನ್ನು ಕಳಿಸಿ. ಮನೆಯಲ್ಲಿ ಬಾಯಿಗೆ ಹಾಕುವ ಪುಟ್ಟ ಮಗು ಇದ್ದರೆ ಗುಂಡಿ ಬೇಡ ಅಂತ ಮೊದಲೇ ಹೇಳಿ, ಬಟ್ಟೆಯ ಕಣ್ಣು ಹೊಲಿಸುತ್ತಾರೆ. ಸಾಕ್ಸ್ ತೊಳೆದು ಚೆನ್ನಾಗಿ ಒಣಗಿಸಿ ಕೊಡಿ. ಮೊಣಕಾಲಿನವರೆಗೆ ಬರುವ ಉದ್ದನೆಯದ್ದೇ ಆಗಲಿ, ಗಿಡ್ಡ ಸಾಕ್ಸ್ ಮಣಿಕಟ್ಟಿಗೇ ಮುಗಿದುಹೋಗುತ್ತದೆ.