ಶಿಡ್ಲಘಟ್ಟದ ನೂಲು, ಚೀನಾ ನೂಲು: ಸುಂಕ ಬೆಲೆ ಏರಿಸಿತು, ದರ್ಜೆ ಏರಿಸಲಿಲ್ಲ

20/22 ಡೆನಿಯರ್ (9,000 ಮೀಟರ್ ನೂಲಿನ ತೂಕ ಗ್ರಾಂನಲ್ಲಿ) ಕಚ್ಚಾ ರೇಷ್ಮೆ ಕೊಂಡು ಹುರಿ ಹಾಕುವ, ಅಂದರೆ ನೂಲು ತಿರುಚುವ, ಘಟಕದವರ ಮುಂದೆ ಈಗ ಇರುವುದು ನಾಲ್ಕು ಬಗೆಯ ಮಾಲು: ಚರಕದ ನೂಲು, ಕಾಟೇಜ್ ಬೇಸಿನ್ ಅಥವಾ ಮಲ್ಟಿಎಂಡ್ ನೂಲು (ಬಿಸಿನೀರಿನ ತೊಟ್ಟಿಯಿಂದ ಹಲವು ಎಳೆ ಒಟ್ಟಿಗೆ ಬಿಚ್ಚುವ ಸಣ್ಣ ಯಂತ್ರಗಳದ್ದು), ಸ್ವಯಂಚಾಲಿತ ಯಂತ್ರದಲ್ಲಿ ಬಿಚ್ಚಿದ ದ್ವಿತಳಿ (ಬಿಳಿ ಗೂಡಿನ) ನೂಲು, ಕೊನೆಯದು ಚೀನಾದ 3ಎ, 4ಎ ದರ್ಜೆಯ ನೂಲು. ಮೊದಲ ಮೂರೂ ಶಿಡ್ಲಘಟ್ಟದಲ್ಲೇ ಸಿಗುತ್ತವೆ. ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಪವರ್‌ಲೂಮಿನ ಹಾಸಿನ ನೂಲಾಗಿ ಚೀನಾ ಮಾಲು ಇವತ್ತಿಗೂ ಮೇಲು. ಅದಕ್ಕೆ ಸರಿಸಾಟಿ ನಿಲ್ಲುವುದು ನಮ್ಮ ಸ್ವಯಂಚಾಲಿತ ಯಂತ್ರದ ನೂಲು ಮಾತ್ರ, ಅದೂ ಒಳ್ಳೆಯ ಬಿಳಿ ಗೂಡು ಸಿಕ್ಕಾಗ. ಹೊಕ್ಕಿನ ನೂಲಿಗೆ ದೂರ ಹೋಗಬೇಕಿಲ್ಲ, ಮಲ್ಟಿಎಂಡ್ ನೂಲೇ ಸಾಕು, ಅದೇ ಚೆನ್ನ. ಇನ್ನು ಇಪ್ಪತ್ತು ವರ್ಷಕ್ಕೂ ಮೀರಿ ನಡೆದುಬಂದಿರುವ ಸುಂಕದ ಏರಿಳಿತ? ಅದು ಚೀನಾ ನೂಲಿನ ಬೆಲೆಯನ್ನು ಆಗಾಗ ಬದಲಿಸಿದೆ, ಚೀನಾ ಮಾರುವ ರೀತಿಯನ್ನಲ್ಲ.

ನೂಲಿನಿಂದಲೇ ಶುರು ಮಾಡೋಣ. ಒಂದು ಗೂಡಿನ ಎಳೆ ಸುಮಾರು ಎರಡೂವರೆಯಿಂದ ಮೂರು ಡೆನಿಯರ್ ಇರುತ್ತದೆ. 21 ಡೆನಿಯರ್ ಬರಬೇಕಾದರೆ ಏಳೆಂಟು ಗೂಡಿನ ಎಳೆ ಸೇರಬೇಕು. ಗೂಡಿನ ಹೊರಪದರದ ಎಳೆ ದಪ್ಪ, ಒಳಪದರದ್ದು ತೆಳು. ಗೂಡು ಮುಗಿಯುತ್ತ ಬಂದಂತೆ ನೂಲು ಸಣ್ಣಗಾಗುತ್ತದೆ, ಆಗ ಹೊಸ ಎಳೆ ಸೇರಿಸಬೇಕು. ಚರಕದಲ್ಲೂ ಬೇಸಿನ್‌ನಲ್ಲೂ ಇದನ್ನು ಮಾಡುವುದು ಕಣ್ಣು ಮತ್ತು ಕೈ. ಬಿಚ್ಚುವವರ ಗಮನ ಒಂದು ನಿಮಿಷ ತಪ್ಪಿದರೆ 21 ಇದ್ದದ್ದು 16ಕ್ಕೆ ಇಳಿಯುತ್ತದೆ. ಗಾಬರಿಯಲ್ಲಿ ಎರಡು ಗೂಡು ಒಟ್ಟಿಗೆ ಹಾಕಿದರೆ 25ಕ್ಕೆ ಏರುತ್ತದೆ. ಸ್ವಯಂಚಾಲಿತ ಯಂತ್ರದಲ್ಲಿ ನೂಲು ತೆಳುವಾದ ಕೂಡಲೇ ಡೆನಿಯರ್ ಸೂಚಕವೇ ಹೊಸ ಗೂಡನ್ನು ಕರೆದು ಸೇರಿಸುತ್ತದೆ. ಚೀನಾದ 3ಎ ನೂಲಿನ ಗುಟ್ಟು ಇಷ್ಟೇ: ಒಂದೇ ತಳಿಯ ಬಿಳಿ ಗೂಡು, ಒಂದೇ ಹದದ ಬೇಯಿಸುವಿಕೆ, ಯಂತ್ರದ ಕೈ. ಮಂತ್ರ ಏನೂ ಇಲ್ಲ.

ತೊಂದರೆ ಕಾಣುವುದು ಹುರಿ ಯಂತ್ರದಲ್ಲಿ. ತೆಳುವಾದ ಜಾಗದಲ್ಲಿ ನೂಲು ಕಡಿಯುತ್ತದೆ. ಕಡಿದ ಕಡೆಯೆಲ್ಲ ಗಂಟು, ಗಂಟು ಮಗ್ಗದ ಹಣಿಗೆಯಲ್ಲಿ ಸಿಕ್ಕಿ ಮತ್ತೆ ಕಡಿತ. ಕೈಮಗ್ಗದಲ್ಲಿ ನೇಕಾರರು ನಿಲ್ಲಿಸಿ ಗಂಟು ಹಾಕಿ ಮುಂದುವರಿಸಬಹುದು. ಒಬ್ಬರೇ ಎರಡು ಮೂರು ಪವರ್‌ಲೂಮ್ ನೋಡಿಕೊಳ್ಳುವ ದೊಡ್ಡಬಳ್ಳಾಪುರದಂಥ ಕಡೆ ಮಗ್ಗ ನಿಂತ ಪ್ರತಿ ನಿಮಿಷವೂ ಕೂಲಿಯ ಲೆಕ್ಕ. ಅಲ್ಲಿಯವರು ಕಿಲೋಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಚೀನಾ ನೂಲು ಕೇಳುವುದು ದೇಶಪ್ರೇಮ ಇಲ್ಲದೆ ಅಲ್ಲ.

ನಮ್ಮ ಕಡೆಯ ಎರಡು ಅಡಚಣೆಗಳನ್ನು ಹೇಳಲೇಬೇಕು. ಒಂದು ನೀರು. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್ ನೀರು ಗಡಸು. ಗಡಸು ನೀರಿನಲ್ಲಿ ಬೇಯಿಸಿದ ಗೂಡು ಸಲೀಸಾಗಿ ಬಿಚ್ಚುವುದಿಲ್ಲ, ನೂಲಿನ ಬಣ್ಣ ಮಂಕಾಗುತ್ತದೆ, ಲಡಿ (ನೂಲು ಸುತ್ತಿದ ಕಟ್ಟು) ಒರಟಾಗುತ್ತದೆ. ಮೆದು ನೀರಿನ ವ್ಯವಸ್ಥೆ ಮಾಡಿಕೊಂಡ ಘಟಕದ ನೂಲಿಗೂ ಮಾಡದವರದ್ದಕ್ಕೂ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಇನ್ನೊಂದು ಹುಳ ಸಾಯಿಸುವ ವಿಧಾನ. ಆವಿಯಲ್ಲಿ ಸಾಯಿಸಿದ ಗೂಡಿನಲ್ಲಿ ತೇವ ಉಳಿಯುತ್ತದೆ, ಕೆಲವೇ ದಿನಗಳಲ್ಲಿ ಬಿಚ್ಚಿ ಮುಗಿಸಬೇಕು, ಇಲ್ಲದಿದ್ದರೆ ಬೂಷ್ಟು. ಬಿಸಿಗಾಳಿಯಲ್ಲಿ 110 ಡಿಗ್ರಿಯಿಂದ ಮೆಲ್ಲನೆ 60ಕ್ಕೆ ಇಳಿಸುತ್ತ ಐದಾರು ಗಂಟೆ ಒಣಗಿಸಿದರೆ ಗೂಡನ್ನು ತಿಂಗಳುಗಟ್ಟಲೆ ಇಡಬಹುದು, ಎಳೆಯೂ ಸಮವಾಗಿ ಬಿಚ್ಚುತ್ತದೆ. ಆದರೆ ಇಡುವುದಕ್ಕೆ ಬಂಡವಾಳ ಬೇಕಲ್ಲ. ದಿನದ ಗೂಡು ದಿನ ಕೊಂಡು, ನೂಲು ಮಾರಿದ ದುಡ್ಡಿನಲ್ಲೇ ಮತ್ತೆ ಹರಾಜಿಗೆ ನಿಲ್ಲುವ ಸಣ್ಣ ರೀಲರ್‌ಗೆ (ಗೂಡು ಬಿಚ್ಚಿ ನೂಲು ತೆಗೆಯುವವರಿಗೆ) ಆವಿಯೇ ಗತಿ.

ಸುಂಕದ ವಿಷಯ ಈ ಬಂಡವಾಳಕ್ಕೇ ಬಂದು ತಾಗುತ್ತದೆ. ಕಚ್ಚಾ ರೇಷ್ಮೆಯ ಮೇಲೆ 30 ಶೇಕಡಾ ಇದ್ದ ಆಮದು ಸುಂಕವನ್ನು 2011ರ ಬಜೆಟ್ ಒಂದೇ ಏಟಿಗೆ 5ಕ್ಕೆ ಇಳಿಸಿತು. 2013ರಲ್ಲಿ ಅದು 15ಕ್ಕೆ ಏರಿತು, ಆಮೇಲೆ 10ಕ್ಕೆ ಇಳಿಯಿತು, 2021ರ ಬಜೆಟ್‌ನಲ್ಲಿ ಮತ್ತೆ 15 ಆಯಿತು. ಸುಂಕ ಇಳಿದಾಗ ಮೊದಲು ನೂಲಿನ ಬೆಲೆ ಬೀಳುತ್ತದೆ, ಬೆನ್ನಲ್ಲೇ ಗೂಡಿನ ಮಾರುಕಟ್ಟೆಯ ಹರಾಜು ಬೀಳುತ್ತದೆ, ಪೆಟ್ಟು ತಿನ್ನುವುದು ಹಿಪ್ಪುನೇರಳೆ ಬೆಳೆದವನು. ಏರಿದಾಗ ಇದೇ ದಾರಿ ತಿರುಗುಮುರುಗಾಗುತ್ತದೆ. ನೂಲಿನ ಬೆಲೆ ಏರಿದಷ್ಟೂ ಗೂಡಿನ ಬೆಲೆ ಏರುತ್ತದೆ. ನೂಲಿನ ವೆಚ್ಚದಲ್ಲಿ ಬಹುಪಾಲು ಗೂಡಿನದೇ ಆದ್ದರಿಂದ ರೀಲರ್ ಕೈಯಲ್ಲಿ ಉಳಿಯುವುದು ಹಿಂದಿನಷ್ಟೇ. ರೈತನಿಗೆ ಇದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಂಕದ ರಕ್ಷಣೆಯಿಂದ ಬಂದ ದುಡ್ಡು ಬಿಸಿಗಾಳಿ ಯಂತ್ರವಾಗಿ, ಮೆದು ನೀರಾಗಿ ಬದಲಾಗದೆ ಹೋಗಲು ಕಾರಣ ಇದೇ. ಹಾಗಾಗಿ ಸುಂಕ ಇದ್ದಷ್ಟು ದಿನ ಚೀನಾ ನೂಲು ತುಟ್ಟಿ, ತೆಗೆದ ದಿನ ಮತ್ತೆ ಅದೇ ಅಂತರ.

ಸುರಿವಿಕೆ ತಡೆ (ಆಂಟಿ ಡಂಪಿಂಗ್) ಸುಂಕದ್ದು ಬೇರೆ ಕತೆ. ತನ್ನ ದೇಶದ ಬೆಲೆಗಿಂತ ಕಡಿಮೆಗೆ ಹೊರಗೆ ಮಾರಿದರೆ ಹಾಕುವ ಸುಂಕ ಇದು. ಚೀನಾದ ವಿಷಯದಲ್ಲಿ ಅಲ್ಲಿನ ದೇಶೀಯ ಬೆಲೆಯನ್ನೇ ನಂಬಬೇಕಾಗಿಲ್ಲ ಎಂಬ ಅವಕಾಶ 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಒಪ್ಪಂದದಲ್ಲೇ ಇತ್ತು. ಅದರಲ್ಲಿನ ಒಂದು ಅಂಶ 2016ರ ಡಿಸೆಂಬರ್‌ಗೆ ಮುಗಿದ ಮೇಲೆ ಆ ಬಗ್ಗೆ ಜಗಳ ನಿಂತಿಲ್ಲ. ಭಾರತ ಚೀನಾ ರೇಷ್ಮೆಯ ಮೇಲೆ ಈ ಸುಂಕವನ್ನು ಮೊದಲು ಹಾಕಿದ್ದು 2003ರಲ್ಲಿ. 2016ರ ಆರಂಭದಲ್ಲಿ 3ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ ಕಿಲೋಗೆ 1.85 ಡಾಲರ್ ಹಾಕಿತು. ಲೆಕ್ಕಕ್ಕೆ ನೂಲಿನ ಬೆಲೆ ಕಿಲೋಗೆ 50 ಡಾಲರ್ ಎಂದಿಟ್ಟುಕೊಳ್ಳಿ: 1.85 ಎಂದರೆ 3.7 ಶೇಕಡಾ. ರೂಪಾಯಿ ಸ್ವಲ್ಪ ಏರಿಳಿದರೆ ಕರಗಿಹೋಗುವ ಮೊತ್ತ. ಅದೇ 50 ಡಾಲರ್ ಮೇಲೆ 15 ಶೇಕಡಾ ಆಮದು ಸುಂಕ ಏಳೂವರೆ ಡಾಲರ್ ಆಗುತ್ತದೆ. ಕೆಲಸ ಮಾಡುವುದು ಆ ಏಳೂವರೆ.

2016ರ ಆ ಆದೇಶದ ಮಾತುಗಳನ್ನು ಮತ್ತೊಮ್ಮೆ ಓದಿ. ‘3ಎ ಮತ್ತು ಕೆಳಗೆ’ ಎಂದ ಕೂಡಲೇ ಚೀಟಿಯ ಮೇಲೆ 4ಎ ಎಂದಿರುವುದು ಹೊರಗುಳಿಯುತ್ತದೆ. ‘ಹುರಿ ಹಾಕದ ಕಚ್ಚಾ ರೇಷ್ಮೆ’ ಎಂದರೆ ಹುರಿ ಹಾಕಿ ಕಳಿಸಿದ್ದು ಸುಂಕ ಪಟ್ಟಿಯ ಬೇರೆ ಶೀರ್ಷಿಕೆಗೆ ಹೋಗುತ್ತದೆ: ಕಚ್ಚಾ ನೂಲು 5002, ಹುರಿ ನೂಲು 5004. ನೂಲಿಗೆ ತಡೆ ಬಿದ್ದರೆ ಬಟ್ಟೆಯಾಗಿ ಬರುತ್ತದೆ. ರಫ್ತಿನ ಸೀರೆಗೆಂದು ಮುಂಗಡ ಅನುಮತಿಯಲ್ಲಿ ಸುಂಕವಿಲ್ಲದೆ ತಂದ ನೂಲು ಒಳಗಿನ ಮಾರುಕಟ್ಟೆಗೆ ಸೋರುತ್ತದೆ ಎಂಬ ದೂರು ರೀಲರ್‌ಗಳಲ್ಲಿ ಹಳೆಯದು. ಯಾವುದೇ ಸುಂಕದ ಆದೇಶ ಬೇಲಿ ಇದ್ದಂತೆ, ಗೇಟಿನ ಅಳತೆಯನ್ನು ಬೇಲಿಯ ಮೇಲೆಯೇ ಬರೆದು ತೂಗುಹಾಕಿರುತ್ತಾರೆ. ಮೂರನೆಯ ದೇಶದ ಮೂಲಕ ಬರುವ ಸರಕಿನ ವಿಷಯದಲ್ಲಿ ಮಾತ್ರ 2020ರ ಸೆಪ್ಟೆಂಬರ್ 21ರಿಂದ ಹಿಡಿತ ಬಿಗಿಯಾಗಿದೆ: ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿ ಕೇಳುವ ಆಮದುದಾರ ಮೂಲದೇಶದ ಪ್ರಮಾಣಪತ್ರ ತೋರಿಸಿದರೆ ಸಾಲದು, ಸರಕು ಅಲ್ಲೇ ತಯಾರಾದದ್ದು ಹೇಗೆ ಎಂಬ ವಿವರವನ್ನೂ ತನ್ನ ಬಳಿ ಇಟ್ಟುಕೊಂಡಿರಬೇಕು.

ದೊಡ್ಡ ಒಪ್ಪಂದಗಳಿಂದ ಇದಕ್ಕಿಂತ ಹೆಚ್ಚು ಸಿಕ್ಕಿದೆಯೇ? 2020ರ ಜನವರಿ 15ರಂದು ಅಮೆರಿಕ ಮತ್ತು ಚೀನಾ ಸಹಿ ಹಾಕಿದ ಮೊದಲ ಹಂತದ ಒಪ್ಪಂದದಲ್ಲಿ, 2017ರ ಮಟ್ಟಕ್ಕಿಂತ 20,000 ಕೋಟಿ ಡಾಲರಿನಷ್ಟು ಹೆಚ್ಚು ಖರೀದಿಸುವುದಾಗಿ ಚೀನಾ ಎರಡು ವರ್ಷದ ಮಾತು ಕೊಟ್ಟಿತ್ತು. ಅವಧಿ ಮುಗಿದಾಗ ಅಮೆರಿಕದ ಪೀಟರ್ಸನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಚಾಡ್ ಬೌನ್ ಹಾಕಿದ ಲೆಕ್ಕದಲ್ಲಿ ಒಟ್ಟು ಗುರಿಯ 60 ಶೇಕಡಾ ಕೂಡ ಮುಟ್ಟಿರಲಿಲ್ಲ, ಹೆಚ್ಚುವರಿ ಎಂದದ್ದರಲ್ಲಿ ಒಂದು ಡಾಲರೂ ಬಂದಿರಲಿಲ್ಲ. ಸರ್ಕಾರಿ ಸಹಾಯಧನ, ಸರ್ಕಾರಿ ಕಂಪನಿಗಳು ಎಂಬ ಮುಖ್ಯ ತಕರಾರುಗಳನ್ನು ಆ ಒಪ್ಪಂದ ಮುಟ್ಟಿಯೇ ಇರಲಿಲ್ಲ. ಭಾರತ 2019ರ ನವೆಂಬರ್ 4ರಂದು ಆರ್‌ಸಿಇಪಿಯಿಂದ (ಚೀನಾವೂ ಸೇರಿದ ಏಷ್ಯಾದ ದೊಡ್ಡ ವ್ಯಾಪಾರ ಒಪ್ಪಂದ) ಹೊರಬಂದದ್ದು ರೇಷ್ಮೆ, ಹಾಲು ಎರಡನ್ನೂ ನಂಬಿದ ನಮ್ಮ ಜಿಲ್ಲೆಗಳಿಗೆ ಒಳ್ಳೆಯದೇ ಆಯಿತು. ಆದರೆ ಅದು ಬಾಗಿಲು ಮುಚ್ಚಿದ್ದು, ಎದುರಿನವರನ್ನು ತಿದ್ದಿದ್ದಲ್ಲ. ಸೌರ ಫಲಕದಲ್ಲಿ 2022ರ ಏಪ್ರಿಲ್‌ನಿಂದ 40 ಶೇಕಡಾ ಸುಂಕ ಹಾಕಿ, ಜೊತೆಗೆ ಅನುಮೋದಿತ ತಯಾರಕರ ಪಟ್ಟಿ ಮಾಡಿದ ಮೇಲೆ ಕಾರ್ಖಾನೆಗಳು ಇಲ್ಲೇ ಎದ್ದವು. ಅವುಗಳ ಹೊಟ್ಟೆಗೆ ಹೋಗುವ ವೇಫರ್ (ಸಿಲಿಕಾನಿನ ತೆಳು ಬಿಲ್ಲೆ) ಮಾತ್ರ ಈಗಲೂ ಹೆಚ್ಚಾಗಿ ಚೀನಾದ್ದೇ.

ರೇಷ್ಮೆಯಲ್ಲಿ ಚೀನಾ ಬದಲಾದದ್ದು ನಿಜ, ಹೊರಗಿನವರ ಒತ್ತಡಕ್ಕೆ ಮಣಿದಲ್ಲ. ಝೆಜಿಯಾಂಗ್, ಜಿಯಾಂಗ್ಸುವಿನಲ್ಲಿ ಭೂಮಿಯೂ ಕೂಲಿಯೂ ತುಟ್ಟಿಯಾದವು, ಹಿಪ್ಪುನೇರಳೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಸಾಗಿಸುವ ಯೋಜನೆಯನ್ನು 2006ರಲ್ಲಿ ಸರ್ಕಾರವೇ ಹಮ್ಮಿಕೊಂಡಿತು, ಈಗ ಗುವಾಂಗ್ಸಿ ಸ್ವಾಯತ್ತ ಪ್ರದೇಶ ಅಲ್ಲಿ ಮೊದಲ ಸ್ಥಾನದಲ್ಲಿದೆ. ಒಟ್ಟು ಉತ್ಪಾದನೆ ಹತ್ತು ವರ್ಷದ ಹಿಂದಿನದಕ್ಕೆ ಹೋಲಿಸಿದರೆ ಬಹಳ ಇಳಿದಿದೆ. ಇತ್ತ ಭಾರತದ ಉತ್ಪಾದನೆ 2023-24ರಲ್ಲಿ ಎರಿ, ಟಸರ್ ಎಲ್ಲ ಸೇರಿ 38,913 ಟನ್. ಅಂತರ ಕಡಿಮೆಯಾಗುತ್ತಿದೆ. ಇದರಲ್ಲೊಂದು ತಮಾಷೆ ಇದೆ: ಚೀನಾ ನೂಲಿಗೆ ಎದುರು ನಿಲ್ಲಿಸಲು ಕರ್ನಾಟಕ ಸಹಾಯಧನ ಕೊಟ್ಟು ತರಿಸಿದ ಮೊದಲ ಸ್ವಯಂಚಾಲಿತ ಯಂತ್ರಗಳೂ ಚೀನಾದವೇ. 400 ತುದಿಯ (ಒಮ್ಮೆಗೆ 400 ನೂಲು ತೆಗೆಯುವ) ಒಂದು ಯಂತ್ರ ನಿಮಿಷಕ್ಕೆ 180 ಮೀಟರ್ ವೇಗದಲ್ಲಿ ಎಂಟು ಗಂಟೆ ಓಡಿದರೆ ನಾಲ್ಕು ಕ್ವಿಂಟಾಲಿನಷ್ಟು ಗೂಡು ನುಂಗುತ್ತದೆ. ಅಷ್ಟು ಬಿಳಿ ಗೂಡು ಒಂದೇ ಗುಣದ್ದಾಗಿ ದಿನವೂ ಸಿಗದಿದ್ದರೆ ಯಂತ್ರ ಇದ್ದೂ ಇಲ್ಲ. ಈ ಭಾಗದ ರೈತರಲ್ಲಿ ಬಹಳ ಮಂದಿ ಹಳದಿ ಮಿಶ್ರತಳಿಯನ್ನೇ ನೆಚ್ಚಿರುವುದು ಅದು ರೋಗಕ್ಕೂ ಬಿಸಿಲಿಗೂ ಸುಲಭವಾಗಿ ಬಗ್ಗದ ಕಾರಣ. ಅವರನ್ನು ದೂರುವಂತಿಲ್ಲ.

ಕೊಳ್ಳುವವರಿಗೆ ಇನ್ನು ಪರೀಕ್ಷೆಯ ವಿವರ. ಮೊದಲು ತೇವ. ರೇಷ್ಮೆಗೆ ಒಪ್ಪಿತ ತೇವ 11 ಶೇಕಡಾ. ಒಂದು ಕಿಲೋ ಲಡಿಯನ್ನು 140 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿದಾಗ 870 ಗ್ರಾಂ ಬಂತೆನ್ನಿ, ಅದನ್ನು 1.11ರಿಂದ ಗುಣಿಸಿದರೆ 966 ಗ್ರಾಂ. ಅಂದರೆ 34 ಗ್ರಾಂ ನೀರಿಗೆ ರೇಷ್ಮೆಯ ಬೆಲೆ ತೆತ್ತಂತಾಯಿತು. ಚೀನಾ ಬೇಲು ಈ ಲೆಕ್ಕದ ತೂಕದಲ್ಲೇ ಬರುತ್ತದೆ. ಸ್ಥಳೀಯ ಲಡಿಯನ್ನು ಕೈಯಂದಾಜಿನಲ್ಲಿ ಕೊಂಡರೆ ನಷ್ಟ ಇಲ್ಲೇ ಶುರು.

ಆಮೇಲೆ ಡೆನಿಯರ್. 1.125 ಮೀಟರ್ ಸುತ್ತಳತೆಯ ರೀಲಿನಲ್ಲಿ 400 ಸುತ್ತು ಹಾಕಿದರೆ 450 ಮೀಟರ್. ಅದರ ತೂಕ ಗ್ರಾಂನಲ್ಲಿ ಎಷ್ಟಿದೆಯೋ ಅದನ್ನು 20ರಿಂದ ಗುಣಿಸಿದರೆ ಡೆನಿಯರ್ ಸಿಗುತ್ತದೆ. 1.05 ಗ್ರಾಂ ಬಂದರೆ 21. ಒಂದು ಲಡಿಯಿಂದ ತೃಪ್ತರಾಗಬೇಡಿ, ಹತ್ತಾರು ತೆಗೆದು ನೋಡಿ. ಸರಾಸರಿ 21 ಇದ್ದೂ ಬಿಡಿಬಿಡಿಯಾಗಿ 17, 25 ಬರುತ್ತಿದ್ದರೆ ಆ ನೂಲನ್ನು ಹಾಸಿನ ನೂಲೆಂದು ಕೊಳ್ಳಲೇಬಾರದು. ಅಂಟು ಕಲೆಗೂ ಗಮನ ಇರಲಿ: ಲಡಿಯ ಮಡಿಕೆಯಲ್ಲಿ ಎಳೆಗಳು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಮರುಸುತ್ತು ಸರಿಯಾಗಿಲ್ಲ ಎಂದರ್ಥ, ಹುರಿ ಯಂತ್ರದಲ್ಲಿ ಕಡಿತ ಖಂಡಿತ.

ಕೊನೆಗೆ ರೇಷ್ಮೆಯ ಸಹಜ ಅಂಟು ತೆಗೆಯುವಿಕೆ. ಸೋಪು ನೀರಿನಲ್ಲಿ ಕುದಿಸಿದಾಗ ತೂಕದಲ್ಲಿ 22 ಶೇಕಡಾ ಕಳೆಯುವ ನೂಲಿಗೂ 25 ಕಳೆಯುವ ನೂಲಿಗೂ ವ್ಯತ್ಯಾಸ ಸಣ್ಣದಲ್ಲ. ಒಂದು ಕಿಲೋ ಸಿದ್ಧ ರೇಷ್ಮೆಗೆ ಮೊದಲನೆಯದು 1.28 ಕಿಲೋ ಬೇಕು, ಎರಡನೆಯದು 1.33. ದರ ಕೇಳುವಾಗ ಈ ನಾಲ್ಕು ಶೇಕಡಾ ಸೇರಿಸಿಕೊಂಡೇ ಚೌಕಾಸಿ ಮಾಡಿ.

‘ಚೀನಾ ಮಾಲು’ ಎಂದು ಹೆಚ್ಚು ಬೆಲೆಗೆ ಸ್ಥಳೀಯ ನೂಲನ್ನೂ, ಸ್ಥಳೀಯ ಎಂದು ಆಮದು ನೂಲನ್ನೂ ಮಾರುವವರು ಇದ್ದೇ ಇರುತ್ತಾರೆ. ಸುಟ್ಟು ನೋಡಿದರೆ ರೇಷ್ಮೆ ಹೌದೋ ಅಲ್ಲವೋ ತಿಳಿಯುತ್ತದೆ, ಊರು ತಿಳಿಯುವುದಿಲ್ಲ. ಎರಡೂ ಒಂದೇ ಹುಳದ್ದು. ಸಿಲ್ಕ್ ಮಾರ್ಕ್ ಹೇಳುವುದೂ ಶುದ್ಧತೆಯನ್ನೇ, ಮೂಲವನ್ನಲ್ಲ. ಆಮದು ನೂಲಾದರೆ ಬಿಲ್ಲಿನಲ್ಲಿ ದರ್ಜೆ, ಲಾಟ್ ಸಂಖ್ಯೆ, ಆಮದು ದಾಖಲೆಯ ಸಂಖ್ಯೆ ಮೂರನ್ನೂ ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕಿದರೆ ಅದನ್ನು ದರ್ಜೆಯಿಲ್ಲದ ನೂಲು ಎಂದೇ ಎಣಿಸಿ ಬೆಲೆ ಕಟ್ಟಿ. ಬಜೆಟ್‌ಗೆ ಮುಂಚೆ ಸುಂಕ ಏರುತ್ತದೆಂಬ ಗಾಳಿಮಾತಿಗೆ ಬೇಲುಗಟ್ಟಲೆ ಕೂಡಿಹಾಕುವುದೂ ಬೇಡ. ಒಂದು ಬೇಲು 60 ಕಿಲೋ. ತೇವದ ಗೋದಾಮಿನಲ್ಲಿ ಬಿಳಿ ನೂಲು ಹಳದಿಗೆ ತಿರುಗಿದರೆ ತಿಳಿಬಣ್ಣದ ಸೀರೆಗೆ ಅದು ಬರುವುದಿಲ್ಲ, ಸುಂಕದಲ್ಲಿ ಉಳಿದದ್ದು ಬಣ್ಣದ ಮನೆಯಲ್ಲಿ ಹೋಗುತ್ತದೆ.