ಕಂಪ್ಯಾರೇಟರ್ ಆಫ್‌ಸೆಟ್‌ನ ಅಂದಾಜು: ಕಾರ್ನರ್, ಡಿಸಿ ಮಿಸ್‌ಮ್ಯಾಚ್, ಮಾಂಟೆ ಕಾರ್ಲೊ, ಲ್ಯಾಟಿನ್ ಹೈಪರ್‌ಕ್ಯೂಬ್

ಎಸ್‌ಎಆರ್ ಮಾದರಿಯ (ಉತ್ತರವನ್ನು ಒಂದೊಂದೇ ಬಿಟ್ ಆಗಿ ಹುಡುಕುವ) ಎಡಿಸಿಯಲ್ಲಿ, ಅಂದರೆ ಅನಲಾಗ್ ಸಂಕೇತವನ್ನು ಡಿಜಿಟಲ್ ಅಂಕಿಯಾಗಿಸುವ ಸರ್ಕ್ಯೂಟ್‌ನಲ್ಲಿ, ಅನಲಾಗ್ ಭಾಗಕ್ಕೂ ಡಿಜಿಟಲ್ ಭಾಗಕ್ಕೂ ನಡುವೆ ನಿಂತು ಎರಡು ವೋಲ್ಟೇಜ್‌ಗಳಲ್ಲಿ ಯಾವುದು ದೊಡ್ಡದು ಎಂದು ಹೋಲಿಸಿ ಪ್ರತಿ ಬಿಟ್‌ನ ತೀರ್ಮಾನ ಕೊಡುವುದು ಕಂಪ್ಯಾರೇಟರ್. ಅದರ ಆಫ್‌ಸೆಟ್ (ಹೋಲಿಕೆಯಲ್ಲಿ ನುಸುಳುವ ಸ್ಥಿರ ವೋಲ್ಟೇಜ್ ದೋಷ) ಚಿಪ್‌ನಿಂದ ಚಿಪ್‌ಗೆ ಎಷ್ಟು ಬದಲಾಗಬಹುದು ಎಂಬುದನ್ನು ತಯಾರಿಕೆಗೆ ಮೊದಲೇ ಅಂದಾಜು ಮಾಡಲು ಬಳಕೆಯಲ್ಲಿರುವ ನಾಲ್ಕು ವಿಧಾನಗಳನ್ನು ಒಂದೇ ಸ್ಟ್ರಾಂಗ್‌ಆರ್ಮ್ ಲ್ಯಾಚ್‌ನ (ಕ್ಲಾಕ್‌ನಿಂದ ನಡೆಯುವ ಒಂದು ಬಗೆಯ ಕಂಪ್ಯಾರೇಟರ್) ಮೇಲೆ ಪ್ರಯೋಗಿಸಿ ನೋಡಿದ್ದೇನೆ. ವೇಗದ ಹೋಲಿಕೆ ಕೈಪಿಡಿಗಳಲ್ಲೇ ಸಿಗುತ್ತದೆ. ಬಂದ ಉತ್ತರ ಅನುಮಾನ ಹುಟ್ಟಿಸಿದಾಗ ಅದರ ಮೂಲ ಹುಡುಕಲು ಯಾವ ವಿಧಾನ ನೆರವಾಗುತ್ತದೆ ಎಂಬುದು ಇಲ್ಲಿ ನನ್ನ ಅಳತೆಗೋಲು.

ತಯಾರಿಕೆಯ ಕೊನೆಯ ಮಿತಿಗಳಲ್ಲಿ ಸರ್ಕ್ಯೂಟನ್ನು ಪರೀಕ್ಷಿಸುವ ಕಾರ್ನರ್ ವಿಶ್ಲೇಷಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಒಂದು ಬಗೆಯ ಟ್ರಾನ್ಸಿಸ್ಟರ್‌ಗಳನ್ನೆಲ್ಲ ಒಟ್ಟಿಗೆ ನಿಧಾನ ಅಥವಾ ಒಟ್ಟಿಗೆ ವೇಗ ಮಾಡುವುದರಿಂದ, ಸಮಮಿತಿಯುಳ್ಳ ಲ್ಯಾಚ್‌ನ ಆಫ್‌ಸೆಟ್ ಐದೂ ಕಾರ್ನರ್‌ಗಳಲ್ಲಿ ಸೊನ್ನೆಯೇ ಬರುತ್ತದೆ. ತೀರ್ಮಾನಕ್ಕೆ ಹಿಡಿಯುವ ಸಮಯವನ್ನು ಪರೀಕ್ಷಿಸಲು ಅದು ಬೇಕೇ ಬೇಕು, ಆದರೆ ಅಕ್ಕಪಕ್ಕದ ಎರಡು ಟ್ರಾನ್ಸಿಸ್ಟರ್‌ಗಳ ನಡುವಿನ ಮಿಸ್‌ಮ್ಯಾಚ್ (ಒಂದೇ ತೆರನಾಗಿರಬೇಕಾದವುಗಳ ಸಣ್ಣ ವ್ಯತ್ಯಾಸ) ಅದರ ಕಣ್ಣಿಗೆ ಬೀಳುವುದಿಲ್ಲ.

ಡಿಸಿ ಮಿಸ್‌ಮ್ಯಾಚ್ ವಿಶ್ಲೇಷಣೆ ಒಂದೇ ಓಟದಲ್ಲಿ ಪ್ರತಿ ಟ್ರಾನ್ಸಿಸ್ಟರ್‌ನ ಪಾಲನ್ನು ಪಟ್ಟಿ ಮಾಡಿಕೊಡುತ್ತದೆ. ಸ್ಥಿರ ಆಧಾರ ವೋಲ್ಟೇಜ್ ಕೊಡುವ ಬ್ಯಾಂಡ್‌ಗ್ಯಾಪ್‌ನಂಥ ಸರ್ಕ್ಯೂಟ್‌ಗೆ ನಾನು ಮೊದಲು ಓಡಿಸುವುದು ಇದನ್ನೇ. ಆದರೆ ಅಲ್ಲಿಯೂ ಇದು ಒಂದು ಕಾರ್ಯಬಿಂದುವಿನ (ಸರ್ಕ್ಯೂಟ್ ನೆಲೆನಿಂತಾಗಿನ ವೋಲ್ಟೇಜ್-ಕರೆಂಟ್‌ಗಳ) ಸುತ್ತಲಿನ ಸರಳರೇಖೆಯ ಲೆಕ್ಕ ಮಾತ್ರ. ಅದರೊಳಗಿನ ಆಪ್‌ಆಂಪ್ ಎಂಬ ವರ್ಧಕದ ಆಫ್‌ಸೆಟ್‌ನಿಂದಾಗಿ ಕೆಲವು ಸ್ಯಾಂಪಲ್‌ಗಳು (ಸಿಮ್ಯುಲೇಷನ್‌ನಲ್ಲಿ ಹುಟ್ಟಿಸಿದ ಒಂದೊಂದು ಚಿಪ್) ಶೂನ್ಯ ಕರೆಂಟಿನ ಸ್ಥಿತಿಯಲ್ಲೇ ಸಿಕ್ಕಿಕೊಂಡು ಸ್ಟಾರ್ಟ್ ಆಗದೆ ಉಳಿದರೆ ಅದು ಗೊತ್ತೇ ಆಗುವುದಿಲ್ಲ. ಸ್ಟ್ರಾಂಗ್‌ಆರ್ಮ್ ಲ್ಯಾಚ್‌ಗಂತೂ ಇದು ಒಗ್ಗುವುದೇ ಇಲ್ಲ, ಏಕೆಂದರೆ ಕ್ಲಾಕ್ ಏರುವ ಕ್ಷಣದಲ್ಲಷ್ಟೇ ಕೆಲಸ ಮಾಡುವ ಆ ಸರ್ಕ್ಯೂಟ್‌ಗೆ ಅರ್ಥಪೂರ್ಣವಾದ ಡಿಸಿ ಕಾರ್ಯಬಿಂದು ಎಂಬುದಿಲ್ಲ.

ಹೀಗಾಗಿ ನಿಜವಾದ ಸ್ಪರ್ಧೆ ಇರುವುದು ಟ್ರಾನ್ಸಿಸ್ಟರ್‌ಗಳ ಗುಣಗಳನ್ನು ಯಾದೃಚ್ಛಿಕವಾಗಿ ಬದಲಿಸುತ್ತ ಮತ್ತೆ ಮತ್ತೆ ಓಡಿಸುವ ಸಾದಾ ಮಾಂಟೆ ಕಾರ್ಲೊ ಮತ್ತು ಆ ಆಯ್ಕೆಯನ್ನು ಸಮನಾಗಿ ಹರಡುವ ಲ್ಯಾಟಿನ್ ಹೈಪರ್‌ಕ್ಯೂಬ್ ನಡುವೆ. ಮೊದಲನೆಯದನ್ನು ಎನ್‌ಜಿಸ್ಪೈಸ್ ಸಿಮ್ಯುಲೇಟರ್ ಮತ್ತು ಸ್ಕೈವಾಟರ್‌ನ 130 ನ್ಯಾನೋಮೀಟರ್ ಮುಕ್ತ ಪಿಡಿಕೆಯೊಂದಿಗೆ (ಚಿಪ್ ತಯಾರಕರು ಕೊಡುವ ಟ್ರಾನ್ಸಿಸ್ಟರ್ ಮಾದರಿಗಳ ಕಟ್ಟು) ಮಾಡಿದೆ. ಎರಡನೆಯದಕ್ಕೆ ಸ್ಯಾಂಡಿಯಾ ಪ್ರಯೋಗಾಲಯದ ಜೈಸ್ ಸಿಮ್ಯುಲೇಟರ್ ಬಳಸಿ, ಗೇಟ್‌ಗಳಿಗೆ ಸರಣಿಯಲ್ಲಿ ಸಣ್ಣ ವೋಲ್ಟೇಜ್ ಸೋರ್ಸ್‌ಗಳನ್ನಿಟ್ಟು ಅವುಗಳ ಹರಡಿಕೆಯನ್ನು ಪೆಲ್‌ಗ್ರಾಂ ಸೂತ್ರದಿಂದ ಕೊಟ್ಟೆ. 1989ರಲ್ಲಿ ಪ್ರಕಟವಾದ ಆ ಸೂತ್ರದ ಪ್ರಕಾರ ಜೋಡಿಯ ಥ್ರೆಷೋಲ್ಡ್ (ಟ್ರಾನ್ಸಿಸ್ಟರ್ ಆನ್ ಆಗುವ ವೋಲ್ಟೇಜ್) ವ್ಯತ್ಯಾಸದ ಸಿಗ್ಮಾ, ಅಂದರೆ ಹರಡಿಕೆಯ ಅಳತೆ, ಗೇಟ್‌ನ ವಿಸ್ತೀರ್ಣದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ: ಗುಣಾಂಕ 4 ಮಿಲಿವೋಲ್ಟ್-ಮೈಕ್ರೋಮೀಟರ್ ಎಂದಿಟ್ಟುಕೊಂಡರೆ, ಗೇಟ್ ವಿಸ್ತೀರ್ಣ ತಲಾ 0.64 ಚದರ ಮೈಕ್ರೋಮೀಟರ್ ಇರುವ ಜೋಡಿಗೆ ಸಿಗ್ಮಾ 5 ಮಿಲಿವೋಲ್ಟ್. ಸಿಮ್ಯುಲೇಷನ್‌ಗೆ ಕೈಹಾಕುವ ಮೊದಲೇ ಈ ಅಂಕಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಅನುಮಾನ ಹುಟ್ಟುವುದು ಇದರೊಂದಿಗೆ ಹೋಲಿಸಿದಾಗಲೇ.

ಸಿಗ್ಮಾ ಸೊನ್ನೆ ಬಂದರೆ ರೋಗ ಸುಲಭದ್ದು. ಎನ್‌ಜಿಸ್ಪೈಸ್‌ನಲ್ಲಿ ಪ್ಯಾರಾಮೀಟರ್‌ಗಳಲ್ಲಿನ ಯಾದೃಚ್ಛಿಕ ಅಂಕಿಗಳು ನೆಟ್‌ಲಿಸ್ಟ್ (ಸರ್ಕ್ಯೂಟ್‌ನ ಪಠ್ಯರೂಪದ ವಿವರ) ಓದುವಾಗಲೇ ನಿರ್ಧಾರವಾಗುತ್ತವೆ. ಆದ್ದರಿಂದ ಲೂಪ್‌ನೊಳಗೆ ರೀಸೆಟ್ ಆಜ್ಞೆ ಇಲ್ಲದಿದ್ದರೆ ಅದೇ ಸ್ಯಾಂಪಲ್ ಮತ್ತೆ ಮತ್ತೆ ಓಡುತ್ತದೆ. ಪಿಡಿಕೆಯಲ್ಲಿ ಮಿಸ್‌ಮ್ಯಾಚ್ ಸ್ವಿಚ್ ಸೊನ್ನೆಯಲ್ಲೇ ಉಳಿದಿದ್ದರೂ ಲಕ್ಷಣ ಇದೇ. ಕಷ್ಟ ಕೊಡುವುದು 5ರ ಬದಲು 4.4 ಎಂದು ಬರುವ ಉತ್ತರ, ಏಕೆಂದರೆ ಅದು ತಪ್ಪಿನಂತೆ ಕಾಣುವುದೇ ಇಲ್ಲ. ಆಫ್‌ಸೆಟ್ ಅಳೆಯಲು ನಿಧಾನವಾಗಿ ಏರಿಸುವ ಇನ್‌ಪುಟ್ ರ‍್ಯಾಂಪ್ ±10 ಮಿಲಿವೋಲ್ಟ್‌ವರೆಗೆ ಮಾತ್ರ ಇದ್ದರೆ, ಅದಕ್ಕಿಂತ ಹೆಚ್ಚು ಆಫ್‌ಸೆಟ್ ಇರುವ ಸ್ಯಾಂಪಲ್‌ಗಳಲ್ಲಿ ಔಟ್‌ಪುಟ್ ತಿರುಗುವುದೇ ಇಲ್ಲ. ಅಳತೆ ವಿಫಲ ಎಂಬ ಸಾಲು ಲಾಗ್‌ನಲ್ಲಿ ಎಲ್ಲೋ ಬಂದು ಹೋಗುತ್ತದೆ, ಸ್ಕ್ರಿಪ್ಟ್ ಆ ಸ್ಯಾಂಪಲ್‌ಗಳನ್ನು ಬಿಟ್ಟು ಸಿಗ್ಮಾ ಲೆಕ್ಕ ಹಾಕುತ್ತದೆ. ಎರಡು ಸಿಗ್ಮಾದಾಚೆಗಿನ ಸುಮಾರು ಶೇ. 4.6 ಸ್ಯಾಂಪಲ್‌ಗಳು ಹೀಗೆ ಕಾಣೆಯಾದರೆ ಸಿಗ್ಮಾ ಶೇ. 12ರಷ್ಟು ಕುಗ್ಗುತ್ತದೆ, ಹಾಗೆ ಕಾಣೆಯಾಗುವುದು ನಮಗೆ ಬೇಕಾಗಿದ್ದ ಅತಿ ಕೆಟ್ಟ ಸ್ಯಾಂಪಲ್‌ಗಳೇ. ಕನ್ವರ್ಜ್ ಆಗದ, ಅಂದರೆ ಸಿಮ್ಯುಲೇಟರ್‌ಗೆ ಉತ್ತರವೇ ಸಿಗದ, ಸ್ಯಾಂಪಲ್‌ಗಳನ್ನು ಕೈಬಿಡುವುದರಲ್ಲೂ ಇಂಥದ್ದೇ ಅಪಾಯವಿದೆ.

ಇಂಥ ಕಡೆ ಸಾದಾ ಮಾಂಟೆ ಕಾರ್ಲೊ ನನಗೆ ಹಿಡಿಸಿತು. ಪ್ರತಿ ಸುತ್ತಿನಲ್ಲಿ ರೀಸೆಟ್‌ಗೆ ಮೊದಲು ಸುತ್ತಿನ ಸಂಖ್ಯೆಯನ್ನೇ ಸೀಡ್ (ಯಾದೃಚ್ಛಿಕ ಅಂಕಿಗಳ ಸರಣಿಯನ್ನು ಆರಂಭಿಸುವ ಸಂಖ್ಯೆ) ಆಗಿ ಕೊಟ್ಟರೆ, ವಿಫಲವಾದ ಒಂದೇ ಒಂದು ಸ್ಯಾಂಪಲನ್ನು ಮತ್ತೆ ಹುಟ್ಟಿಸಿ, ರ‍್ಯಾಂಪ್ ಅಗಲಿಸಿ, ಅದರ ವೇವ್‌ಫಾರ್ಮ್ ಬಿಡಿಸಿ ನೋಡಬಹುದು. ಸ್ಯಾಂಪಲ್ ಸಾಲದು ಎನಿಸಿದರೆ ಇನ್ನಷ್ಟು ಸೇರಿಸಬಹುದು; ಹಳೆಯವು ವ್ಯರ್ಥವಾಗುವುದಿಲ್ಲ.

1979ರಲ್ಲಿ ಪ್ರಕಟವಾದ ಲ್ಯಾಟಿನ್ ಹೈಪರ್‌ಕ್ಯೂಬ್ ವಿಧಾನ ಪ್ರತಿ ಪ್ಯಾರಾಮೀಟರ್‌ನ ವ್ಯಾಪ್ತಿಯನ್ನು ಸಮ ಸಂಭವನೀಯತೆಯ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಿಂದ ಒಂದೊಂದೇ ಬೆಲೆ ಆರಿಸುತ್ತದೆ. ಕಡಿಮೆ ಸ್ಯಾಂಪಲ್‌ಗಳಲ್ಲೇ ಸರಾಸರಿ ಎಷ್ಟು ಬೇಗ ನೆಲೆಗೊಳ್ಳುತ್ತದೆ ಎಂಬುದನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ಆಫ್‌ಸೆಟ್‌ನ ಸರಾಸರಿ ಯಾರಿಗೆ ಬೇಕು? ಅದು ಸೊನ್ನೆಯ ಆಸುಪಾಸು ಎಂಬುದು ಮೊದಲೇ ಗೊತ್ತು. ಹರಡಿಕೆಯ ಬಾಲದ (ಅಪರೂಪದ ದೊಡ್ಡ ಆಫ್‌ಸೆಟ್‌ಗಳ) ವಿಷಯದಲ್ಲಿ ಈ ವಿಧಾನದಿಂದ ಅಷ್ಟು ಲಾಭ ಕಾಣಲಿಲ್ಲ. ಒಟ್ಟು ಸಂಖ್ಯೆಯನ್ನು ಮೊದಲೇ ನಿಗದಿ ಮಾಡಬೇಕಾದ್ದರಿಂದ ನಡುವೆ ಸೇರಿಸುವುದೂ ಸಲೀಸಲ್ಲ. ಕೆಲವು ಸ್ಯಾಂಪಲ್‌ಗಳು ವಿಫಲವಾದರೆ ಪಟ್ಟಿಗಳ ಸಮತೋಲನವೇ ಕೆಡುತ್ತದೆ. 300 ಸ್ವತಂತ್ರ ಸ್ಯಾಂಪಲ್‌ಗಳಲ್ಲಿ ಒಂದೂ ಕೆಡದಿದ್ದರೆ ವೈಫಲ್ಯದ ಪ್ರಮಾಣ ಶೇ. 1ಕ್ಕಿಂತ ಕಡಿಮೆ ಎಂದು ಶೇ. 95ರ ಭರವಸೆಯಿಂದ ಹೇಳಬಹುದಾದ ಸರಳ ಲೆಕ್ಕವೂ ಇಲ್ಲಿ ನೇರವಾಗಿ ಅನ್ವಯಿಸುವುದಿಲ್ಲ, ಏಕೆಂದರೆ ಇಲ್ಲಿನ ಸ್ಯಾಂಪಲ್‌ಗಳು ಪರಸ್ಪರ ಸ್ವತಂತ್ರವಲ್ಲ.

ಸೀಡ್ ನೆಚ್ಚುವವರು ಒಂದು ಸಂಗತಿ ಗಮನಿಸಬೇಕು. ನೆಟ್‌ಲಿಸ್ಟ್‌ನ ನಡುವೆ ಒಂದು ಡಮ್ಮಿ ಟ್ರಾನ್ಸಿಸ್ಟರ್ ಸೇರಿಸಿದರೂ ಯಾದೃಚ್ಛಿಕ ಅಂಕಿಗಳು ಹಂಚಿಕೆಯಾಗುವ ಕ್ರಮ ಬದಲಾಗುತ್ತದೆ. ಆಗ 37ನೇ ಸ್ಯಾಂಪಲ್ ಹೆಸರಿಗಷ್ಟೇ 37ನೆಯದು, ಅದರೊಳಗಿನ ಟ್ರಾನ್ಸಿಸ್ಟರ್‌ಗಳೇ ಬೇರೆ. ಸರ್ಕ್ಯೂಟ್ ತಿದ್ದಿದ ಮೇಲೆ ಅದೇ ಸ್ಯಾಂಪಲ್ ಪಾಸಾಯಿತೆಂದು ತಿದ್ದುಪಡಿ ಫಲಿಸಿತೆನ್ನಲಾಗದು. ಪ್ರತಿ ಟ್ರಾನ್ಸಿಸ್ಟರ್‌ನ ಥ್ರೆಷೋಲ್ಡ್ ವ್ಯತ್ಯಾಸವನ್ನು ಫೈಲಿಗೆ ಬರೆದಿಟ್ಟು, ಹೊಸ ನೆಟ್‌ಲಿಸ್ಟ್‌ಗೆ ಅದೇ ಬೆಲೆಗಳನ್ನು ಕೊಟ್ಟು ಓಡಿಸುವುದೇ ಸರಿಯಾದ ಪರೀಕ್ಷೆ.